ಹೇಳದೆ ಬರುವವರು

ಮಾರ್ಚ್ 3, ಸೋಮವಾರ, ಬೆಳಗ್ಗೆ

ಇವತ್ತೂ ಕತ್ತಲಿರುವಾಗಲೇ ಎದ್ದೆ. ನೆಲ ಒರೆಸಿ ಆಯಿತು. ಸಿಂಕ್ ಒಣಗಿಸಿ ಆಯಿತು. ಸೋಫಾದ ಕುಶನ್‌ಗಳು ನೆಟ್ಟಗೆ ಕೂತಿವೆ. ಗಂಡ ಅನ್ನಿಸಿಕೊಂಡ ಇವರು ಮಾತ್ರ ನೆಟ್ಟಗೆ ಕೂರುವ ಪೈಕಿ ಅಲ್ಲ — ಕುಶನ್ ಮೇಲೇ ಒರಗಿ ಟೀ. ಲಿಫ್ಟ್ ರಿಪೇರಿ ಮಾಡುವ ಕೈ, ಉಗುರಿನ ಸಂದಿಯಲ್ಲೆಲ್ಲ ಗ್ರೀಸ್.

"ಏಳ್ರೀ, ಕಲೆ ಆಗುತ್ತೆ."

"ಇದು ನಮ್ಮನೆ ಕಣೇ, ನಿನ್ನ ಹೋಟೆಲ್ ಅಲ್ಲ." ಗೊಣಗಿದರು. ಎದ್ದರು ಅನ್ನಿ.

ಮಕ್ಕಳ ಕೇಂದ್ರದ ಮೇಡಂ ಹೇಳಿದ್ದು ಇಷ್ಟೇ: "ದತ್ತು ಪೇಪರ್ ಎಲ್ಲ ಸರಿ ಇದೆ. ಮನೆ ನೋಡೋಕೆ ಬರ್ತೀನಿ. ಯಾವತ್ತು ಅಂತ ಹೇಳಲ್ಲ." ಅವರು ಹೂಂ ಅಂದರೆ ಏಳು ವರ್ಷದ ಒಂದು ಹುಡುಗಿ ನಮ್ಮ ಮಗಳಾಗುತ್ತಾಳೆ. ಉಹೂಂ ಅಂದರೆ... ಅದನ್ನು ಬರೆಯಲಾರೆ. ಕೇಂದ್ರದಲ್ಲಿ ಅವಳನ್ನು ಎರಡು ಸಲ ನೋಡಿದ್ದೇವೆ. ಎರಡು ಸಲವೂ ಇವರ ಜೊತೆ ಮಾತಾಡಿದಳು, ನನ್ನ ಜೊತೆ ಇಲ್ಲ. ಹೊಟ್ಟೆಕಿಚ್ಚಾಯಿತು. ಆದರೂ ಅವಳೇ ಬೇಕು.

ನಾನೇನು ಸುಮ್ಮನೆ ಹೆದರುವವಳಲ್ಲ. ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಗೆಸ್ಟ್ ಹೋದ ಮೇಲೆ ಆ ರೂಮಿನಲ್ಲಿ ಯಾರೋ ಇದ್ದರು ಎಂಬ ಸುಳಿವೇ ಉಳಿಯಬಾರದು — ಅದು ನಮ್ಮ ಕೆಲಸ. ಒಂದು ಕೂದಲು ಸಿಕ್ಕರೂ ನನ್ನ ಹುಡುಗಿಯರಿಗೆ ಗ್ರಹಚಾರ ಬಿಡಿಸುತ್ತೇನೆ. ಮೇಡಂ ನನ್ನ ಮನೆಯಲ್ಲಿ ಏನು ತಪ್ಪು ಹುಡುಕುತ್ತಾರೋ, ನೋಡೇಬಿಡೋಣ.

ಮಾರ್ಚ್ 6, ಗುರುವಾರ

ಬೆಲ್ ಆಯಿತು. ಏಪ್ರನ್ ಕಿತ್ತೆಸೆದು, ತಲೆ ಸರಿಮಾಡಿಕೊಂಡು, ನಗು ಹಚ್ಚಿಕೊಂಡು ಬಾಗಿಲು ತೆಗೆದರೆ — ಪಕ್ಕದ ಮನೆ ಟೀಚರಮ್ಮ! ರಿಟೈರ್ ಆದಮೇಲೆ ಅವರಿಗೆ ಹೊತ್ತು ಹೋಗುವುದಿಲ್ಲ. "ಸುಮ್ನೆ ಬಂದೆ ಕಣಮ್ಮ" ಅಂತ ಒಳಗೇ ಕಾಲಿಟ್ಟರು. ಕೈಯಲ್ಲಿ ಬಿಸ್ಕತ್ತು. ಪುಡಿ ಉದುರುತ್ತಿದೆ! "ಈಗ ತಾನೇ ಒರೆಸಿದೀನಿ ಟೀಚರಮ್ಮ, ಆಮೇಲೆ ನಾನೇ ಬರ್ತೀನಿ" ಅಂದೆ. "ಆಗ್ಲಮ್ಮ" ಅಂದು ಹೋದರು. ಮುಖ ಚಿಕ್ಕದಾಗಿತ್ತು. ಇರಲಿ, ಎಲ್ಲ ಮುಗಿದ ಮೇಲೆ ಸಮಾಧಾನ ಮಾಡಿದರಾಯಿತು.

ಮಾರ್ಚ್ 9, ಭಾನುವಾರ

ಇವರ ಸೋದರಮಾವ ವಕ್ಕರಿಸಿದರು. ಫೋನಿಲ್ಲ, ಮೆಸೇಜಿಲ್ಲ, ಸೀದಾ ಸೂಟ್‌ಕೇಸ್ ಸಮೇತ. "ಎರಡು ದಿನ ಇದ್ದು ಹೋಗ್ತೀನಮ್ಮ!" ಮಗುವಿನ ರೂಮಿನ ಬಾಗಿಲು ತೆಗೆಯಲೇ ಹೊರಟರು. ಅಡ್ಡ ನಿಂತೆ. ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಟೀ ಕೊಟ್ಟೆ. ಕುಡಿದರು. ಲೋಟವನ್ನು ತಾವೇ ತೊಳೆದಿಟ್ಟರು. "ಯಾಕೋ ನಿಮ್ಗೆ ಕೆಲ್ಸ ಇದ್ದ ಹಾಗಿದೆ" ಎಂದು ಸಂಜೆಯ ಬಸ್ಸಿಗೇ ಹೊರಟುಬಿಟ್ಟರು.

ಇವರು ಮಾವನ ಸೂಟ್‌ಕೇಸ್ ಹೊತ್ತುಕೊಂಡು ಬಸ್‌ಸ್ಟಾಪಿನವರೆಗೂ ಹೋಗಿ ಬಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆದರೆ ನಾಳೆಯೇ ಮೇಡಂ ಬಂದರೆ? ಸೋಫಾ ಮೇಲೆ ಮಾವ, ಬನಿಯನ್ನು, ಗೊರಕೆ? ನನ್ನ ಕಷ್ಟ ಯಾರಿಗೆ ಅರ್ಥವಾಗಬೇಕು!

ಮಾರ್ಚ್ 14, ಶುಕ್ರವಾರ

ಬಂದರು. ಬಂದು ಹೋದರು.

ಮನೆ ಕನ್ನಡಿ ಹಾಗಿತ್ತು. "ಇಷ್ಟು ನೀಟಾಗಿ ನಮ್ಮನೇನೂ ಇಲ್ಲ" ಅಂದರು. ಉಬ್ಬಿಹೋದೆ. ಮಗುವಿನ ರೂಮು ತೋರಿಸಿದೆ. "ಕೂತ್ಕೋಬಹುದಾ?" ಅಂತ ಕೇಳಿ ಹಾಸಿಗೆ ಅಂಚಿನಲ್ಲಿ ಕೂತರು. ಎದ್ದರು. ಅವರು ಎದ್ದಿದ್ದೇ ತಡ — ನನ್ನ ಕೈ ತಾನೇ ಹೋಗಿ ಬೆಡ್‌ಶೀಟಿನ ಸುಕ್ಕು ತೀಡಿತು. ಅವರಿನ್ನೂ ಅಲ್ಲೇ ನಿಂತಿದ್ದರು. ನೋಡಿದರು. ನಾನೂ ನನ್ನ ಕೈ ನೋಡಿಕೊಂಡೆ. ಥೂ! ಏನು ಎಡವಟ್ಟು ಕೈಯಪ್ಪಾ ಇದು!

ಆಮೇಲೆ ಮೆತ್ತಗೆ ಹೇಳಿದರು: "ಅಕ್ಕಪಕ್ಕ ವಿಚಾರಿಸಿದೆ. ಇಬ್ರೂ ಒಳ್ಳೆಯವ್ರು ಅಂದ್ರು. ಆದ್ರೆ ಅವ್ರ ಮನೆಗೆ ಯಾರೂ ಹೋಗಲ್ಲ ಅಂದ್ರು. ಮಗು ಮನೇಲಿ ಯಾರನ್ನ ನೋಡ್ಬೇಕಮ್ಮ? ಎಲ್ಲಿ ಕೂರ್ಬೇಕು?"

"ಇನ್ನೊಂದ್ಸಲ ಬರ್ತೀನಿ" ಅಂದು ಹೋದರು.

ಇವರು ಕೆಲಸದಿಂದ ಬಂದು ಎಲ್ಲ ಕೇಳಿದರು. ಯೂನಿಫಾರ್ಮ್ ಸಮೇತ ಹೋಗಿ ಆ ಹಾಸಿಗೆ ಮೇಲೆ ಮಲಗಿಬಿಟ್ಟರು. ಬಾಯಿಗೆ ಬಂದಂತೆ ಬೈದೆ. ಬೈಯುತ್ತಾ ಬೈಯುತ್ತಾ ಅತ್ತೆ. ಅವಳು ಕೈತಪ್ಪಿ ಹೋದರೆ ಅದಕ್ಕೆ ನಾನೇ ಕಾರಣ.

ಮಾರ್ಚ್ 30, ಭಾನುವಾರ

ಇಷ್ಟು ದಿನ ಬರೆಯಲು ಕೈಯೇ ಬರಲಿಲ್ಲ.

ಮಾವನಿಗೆ ಫೋನ್ ಮಾಡಿದ್ದೆ. "ತಪ್ಪಾಯ್ತು, ಬನ್ನಿ ಮಾವ." "ಈ ಸಲ ಒಳಗೆ ಕೂರಿಸ್ತೀಯಾ, ಬಾಲ್ಕನಿನೇನಾ?" ಅಂದರು. ಮನುಷ್ಯ ಬಿಡುವವರಲ್ಲ! ಬಂದು ವಾರವಾಯಿತು. ಟೀಚರಮ್ಮನ ಮನೆಗೆ ನಾನೇ ಹೋಗಿ ಕರೆದೆ. ಈಗ ದಿನಾ ಸಂಜೆ ಇಬ್ಬರದೂ ಕೇರಂ. ಮಾವ ಮೋಸ ಮಾಡುತ್ತಾರೆ, ಟೀಚರಮ್ಮ ಹಿಡಿಯುತ್ತಾರೆ, ಮನೆ ಸಂತೆ. ನೆಲದ ತುಂಬ ಪುಡಿ. ಕೈ ತುರಿಸುತ್ತದೆ. ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತೇನೆ.

ಮೇಡಂ ಸುಳಿವಿಲ್ಲ. ಬರುತ್ತಾರೋ... ಮನಸ್ಸಿನಲ್ಲೇ ಬೇಡ ಅಂತ ತೀರ್ಮಾನಿಸಿಬಿಟ್ಟಿದ್ದಾರೋ...

ಏಪ್ರಿಲ್ 2, ಬುಧವಾರ

ಬಂದರು! ನಾನು ಡ್ಯೂಟಿಯಲ್ಲಿದ್ದೆ. ಮನೆಗೆ ಬಂದು ನೋಡಿದರೆ ಕೇರಂ ಬೋರ್ಡಿನ ಮುಂದೆ ಮೇಡಂ. ಮಾವ ಸೋಲಿಸುತ್ತಿದ್ದಾರೆ. ಸಿಂಕಿನಲ್ಲಿ ಪಾತ್ರೆ ಹಾಗೇ ಇದೆ.

ಹೊರಡುವಾಗ ನನ್ನ ಕೈ ಹಿಡಿದುಕೊಂಡರು. "ಕಳಿಸ್ತೀವಿ. ಮೊದಲ ಮೂರು ತಿಂಗಳು ನೋಡೋಣ. ಆಮೇಲೆ ಅವಳನ್ನೂ ಕೇಳ್ತೀವಿ. ಅವಳೂ ಹೂಂ ಅನ್ಬೇಕು."

ಅವಳು ಹೂಂ ಅನ್ನಬೇಕು.

ಏಪ್ರಿಲ್ 26, ಶನಿವಾರ, ಬೆಳಗ್ಗೆ

ನಿನ್ನೆ ಬಂದಳು. ಬೆಳಗ್ಗೆ ರೂಮಿಗೆ ಹೋದೆ. ಹಾಸಿಗೆ ನೋಡಿದರೆ ಅಲ್ಲಿ ಯಾರೂ ಮಲಗಿಯೇ ಇಲ್ಲ ಅನ್ನಬೇಕು. ಹೊದಿಕೆ ಮಡಿಸಿ ನಾಲ್ಕು ಮೂಲೆ ಕೂಡಿಸಿದ್ದಾಳೆ. ಬಾತ್‌ರೂಮಿನಲ್ಲಿ ಒಂದು ಹನಿ ನೀರಿಲ್ಲ. ಸೋಪು ಕೂಡ ಒರೆಸಿಟ್ಟಿದ್ದಾಳೆ. ಬಟ್ಟೆಯ ಚೀಲ ಬಿಚ್ಚದೆ ಬಾಗಿಲ ಪಕ್ಕ. ಸೋಫಾದ ತುದಿಯಲ್ಲಿ ಮೊಣಕಾಲು ಜೋಡಿಸಿಕೊಂಡು ಕೂತಿದ್ದಳು.

ಹೋಟೆಲಿನ ನನ್ನ ಹುಡುಗಿಯರಿಗೆ ಈ ಕೆಲಸ ಕಲಿಯಲು ತಿಂಗಳುಗಟ್ಟಲೆ ಬೇಕು. ಇವಳಿಗೆ ಯಾರು ಕಲಿಸಿದರು?

ಕೇಳಿದೆ. ನೆಲ ನೋಡುತ್ತಾ ಹೇಳಿದಳು: "ಮುಂಚೆ ಒಂದು ಮನೆಗೆ ಹೋಗಿದ್ದೆ ಆಂಟಿ. ಅಲ್ಲಿ ಗಲೀಜು ಮಾಡ್ದೆ. ವಾಪಸ್ ಬಿಟ್ಬಂದ್ರು."

ಆ ಮನೆಯವರ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ ಸಿಟ್ಟು. ಮೊದಲನೇ ಸಲ ಮೇಡಂ ಹೂಂ ಅಂದುಬಿಟ್ಟಿದ್ದರೆ ನಾನೂ ಇವಳಿಂದ ಇದನ್ನೇ ಮಾಡಿಸುತ್ತಿದ್ದೆ. ಶಭಾಷ್ ಅಂತಲೂ ಅನ್ನುತ್ತಿದ್ದೆ.

ಮೇ 4, ಭಾನುವಾರ

ಏನು ಮಾಡಿದರೂ ಅವಳು ಅತಿಥಿಯೇ. ನೀರು ಕುಡಿಯಲೂ ಪರ್ಮಿಷನ್. ಬೇಕಂತಲೇ ಹಾಲು ಚೆಲ್ಲಿದೆ — ಬಟ್ಟೆ ಹಿಡಿದು ನನಗಿಂತ ಮೊದಲೇ ಓಡಿಬಂದಳು. ಇವರು ಸೋಫಾ ಮೇಲೆ ಹಳೇ ಮೋಟಾರ್ ಬಿಚ್ಚಿ ಹರಡಿಕೊಂಡು ಕರೆದರು. ಹೋದಳು. ಬೆರಳಿಗೆ ಗ್ರೀಸ್ ಹತ್ತಿತು. ಮೊದಲು ನೋಡಿದ್ದು ನನ್ನ ಮುಖ.

ನಕ್ಕೆ. ನಕ್ಕೆ ಅಂದುಕೊಂಡಿದ್ದೇನೆ. ಮುಖ ಹೇಗಿತ್ತೋ ದೇವರಿಗೇ ಗೊತ್ತು.

ಮೂರು ತಿಂಗಳಾದ ಮೇಲೆ ಅವಳು ಉಹೂಂ ಅಂದರೆ?

ಮೇ 17, ಶನಿವಾರ, ಸಂಜೆ

ಇವತ್ತು ಜಗಳ. ನಿಜವಾದ ಜಗಳ! ಕೇರಂನಲ್ಲಿ ಇವರು ಸುಳ್ಳು ಪಾಯಿಂಟ್ ಹಾಕಿಕೊಂಡರಂತೆ. "ಮೋಸ! ಮೋಸ!" ಎಂದು ಕಾಯಿಗಳನ್ನೆಲ್ಲ ನೆಲಕ್ಕೆ ಚೆಲ್ಲಿದಳು. ಚೆಲ್ಲಿ ಹೆದರಿ ನಿಂತಳು. ನಾನು ಒಂದು ಕುಶನ್ ತೆಗೆದು ಇವರ ತಲೆಗೆ ಎಸೆದೆ. ಅವಳು ಕಣ್ಣು ಬಿಟ್ಟುಕೊಂಡು ನೋಡಿದಳು... ಆಮೇಲೆ ಇನ್ನೊಂದನ್ನು ತಾನೇ ಎಸೆದಳು. ಈಗ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಾರೆ, ಅವಳಲ್ಲ, ಇವರು. ಕಾಯಿಗಳು ಇನ್ನೂ ನೆಲದ ಮೇಲೇ ಇವೆ. ಎತ್ತಿಲ್ಲ. ಬರೆಯುತ್ತಿದ್ದೇನೆ.

ಬೆಲ್ ಆಯಿತು. ಯಾರೋ. ಏಳುವಷ್ಟರಲ್ಲಿ ಅವಳೇ ಓಡಿದಳು. ಚಿಲಕ ತೆಗೆದ ಸದ್ದು. ಅವಳ ದನಿ ಇಲ್ಲಿಗೇ ಕೇಳುತ್ತಿದೆ —

"ಬನ್ನಿ, ಒಳಗ್ಬನ್ನಿ. ನಮ್ಮನೆ ಸ್ವಲ್ಪ ಗಲೀಜಾಗಿದೆ, ಏನೂ ಅಂದ್ಕೋಬೇಡಿ. ಕೂತ್ಕೊಳ್ಳಿ, ಅಮ್ಮನ್ನ ಕರೀತೀನಿ..."

ನಮ್ಮನೆ ಅಂದಳು. ಅಮ್ಮ ಅಂದಳು.