ನಾವು ಬಳಿಯದ ನೀಲಿ ಬಣ್ಣದ ಬಗ್ಗೆ

ಕಥೋಲಿಕ ಧರ್ಮಕ್ಷೇತ್ರದ ಕಟ್ಟಡ ನಿರ್ವಹಣಾ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ನಮ್ಮ ಪುಟ್ಟ ಚರ್ಚಿನ ಛಾವಣಿಗೆ ಅನುಮತಿಯಿಲ್ಲದೆ ನೀಲಿ ಬಣ್ಣ ಬಳಿದಿದ್ದೇವೆ, ಸಾಲದ್ದಕ್ಕೆ ಅದರ ಮೇಲೆ ನಕ್ಷತ್ರಗಳನ್ನೂ ಬರೆದಿದ್ದೇವೆ ಎಂದು ತಮ್ಮ ನೋಟಿಸು ಬಂದಿದೆ. ಬರುವ ಸೋಮವಾರ ತಮ್ಮ ಗುತ್ತಿಗೆದಾರರು ಬಂದು 'ಸದರಿ ಅನಧಿಕೃತ ಬಣ್ಣ'ದ ಮೇಲೆ ಪ್ರೈಮರ್ ಹೊಡೆದು, ಎರಡು ಕೋಟು ಪ್ಲಾಸ್ಟಿಕ್ ಎಮಲ್ಷನ್ ಬಳಿದು, ಛಾವಣಿಯನ್ನು ಮೊದಲಿನ ಕೆನೆ ಬಣ್ಣಕ್ಕೆ ತರುತ್ತಾರಂತೆ. ಇದನ್ನು ಓದಿ ನಾನು ಏಣಿಯ ಮೇಲೆಯೇ ಬಿದ್ದು ಬಿದ್ದು ನಕ್ಕೆ. ಕೆಳಗಿದ್ದವರು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಯಿತು. ನಾವು ಒಂದು ತೊಟ್ಟು ನೀಲಿಯನ್ನೂ ಬಳಿದಿಲ್ಲ, ಮಾನ್ಯರೇ. ತಾವು ಬಳಿಸಿದ್ದನ್ನು ತೊಳೆದಿದ್ದೇವೆ, ಅಷ್ಟೇ. ಸ್ನಾನ ಮಾಡಿಸಿದ ಮಗುವನ್ನು ನೋಡಿ ಇದಕ್ಕೆ ಯಾರು ಬಣ್ಣ ಹಚ್ಚಿದ್ದು ಎಂದು ಕೇಳುವವರಿಗೆ ಏನು ಉತ್ತರ ಕೊಡೋದು?

ತಮ್ಮದೇ ಕಡತವನ್ನು ಒಮ್ಮೆ ಧೂಳು ಕೊಡವಿ ತೆರೆಯುವ ಕೃಪೆ ಮಾಡಿ. ಐವತ್ತೆಂಟು ವರ್ಷಗಳ ಹಿಂದೆ ಈ ಛಾವಣಿಗೆ ಎಣ್ಣೆ ಬಣ್ಣದ ಕಡು ನೀಲಿ ಹಚ್ಚಿ, ಚಿನ್ನದ ರೇಕಿನ ನಕ್ಷತ್ರಗಳನ್ನು ಅಂಟಿಸಿದ್ದರು. ಹದಿನೆಂಟು ವರ್ಷ ಅದು ಹಾಗೇ ಇತ್ತು. ಆಮೇಲೆ ತಮ್ಮ ಕಚೇರಿಗೆ ಸರಳತೆಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ನಕ್ಷತ್ರಗಳಿಂದ ಭಕ್ತರ ಗಮನ ಚದುರುತ್ತದೆ, ಕೆನೆ ಬಣ್ಣ ಬಳಿಯತಕ್ಕದ್ದು ಎಂದು ಆದೇಶವಾಯಿತು. ಭಕ್ತರ ಗಮನ ಮೇಲಕ್ಕೆ ಹೋದರೆ ಚರ್ಚಿಗೆ ಯಾವ ನಷ್ಟವೋ ನನಗಿನ್ನೂ ಅರ್ಥವಾಗಿಲ್ಲ. ಇರಲಿ. ಆ ಕೆಲಸ ಸಿಕ್ಕಿದ್ದು ಊರಿನ ಪೇಂಟರಿಗೆ, ಅಂದರೆ ನನ್ನಪ್ಪನಿಗೆ.

ಅಪ್ಪ ಬಳಿದ ಕೆನೆ ಬಣ್ಣ ಒಂದು ವರ್ಷವೂ ನೆಟ್ಟಗೆ ನಿಲ್ಲಲಿಲ್ಲ. ಮದುವಣಗಿತ್ತಿಯರ ಮುಸುಕಿನ ಮೇಲೆ ಬಿತ್ತು, ಜ್ಞಾನಸ್ನಾನದ ನೀರಿನಲ್ಲಿ ತೇಲಿತು, ಗಾಯನ ತಂಡದ ಹಿರಿಯಮ್ಮ ಮೇಲಿನ ಸ್ವರಕ್ಕೆಂದು ಬಾಯಿ ತೆರೆದರೆ ನೇರ ಅಲ್ಲಿಗೇ ಹೋಯಿತು. ತಾವು ಕೆಳಗಿನದನ್ನು ಕೆರೆಸದೆ ವರ್ಷಕ್ಕೊಮ್ಮೆ ಅದರ ಮೇಲೆಯೇ ತೇಪೆ ಹಾಕಿಸಿದಿರಿ, ತೇಪೆಯೂ ಉದುರಿತು. ಕಡತದಲ್ಲಿ ಅಪ್ಪನ ಹೆಸರಿನ ಮುಂದೆ 'ಕಳಪೆ ಕೆಲಸ, ಮುಂದೆ ಕೊಡತಕ್ಕದ್ದಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದಿರಿ. ಊರಿನವರು ಅಷ್ಟು ಉದ್ದ ಬರೆಯಲಿಲ್ಲ, ಉದುರಪ್ಪ ಎಂದು ಕರೆದು ಮುಗಿಸಿದರು. ಅಂದಿನಿಂದ ಯಾರೂ ಅಪ್ಪನಿಗೆ ತಮ್ಮ ಮನೆಯ ಗೋಡೆ ಕೊಡಲಿಲ್ಲ. ಕಬ್ಬಿಣದ ಗೇಟು, ಕಿಟಕಿಯ ಸರಳು, ಹಳೇ ಬೀರು, ಇಷ್ಟರಲ್ಲೇ ಸಂಸಾರ ಸಾಗಿತು. ಅಮ್ಮ ಮಾತ್ರ ಸೋಲಲಿಲ್ಲ. ಛಾವಣಿಯಲ್ಲಿ ತೇವ ಇಟ್ಟುಕೊಂಡು ನನ್ನ ಗಂಡನ ಮೇಲೆ ಗೂಬೆ ಕೂರಿಸ್ತಾರೆ ಎಂದು ಕೊನೆಯವರೆಗೂ ಜಗಳ ಕಾದಳು. ಅಪ್ಪ ಮಾತ್ರ ಅವಳ ಪರವಾಗಿಯೂ ಒಂದು ಮಾತು ಆಡಲಿಲ್ಲ. ನಾನೂ ಮನಸ್ಸಿನೊಳಗೆ ಅಪ್ಪನಿಗೆ ಕೆಲಸ ಬರುವುದಿಲ್ಲ ಎಂದೇ ನಂಬಿದ್ದೆ. ಅಂಗಡಿಗಳಿಗೆ ಬೋರ್ಡು ಬರೆದು ಬದುಕುವ ನಾನು ಯಾರ ಮಗಳು ಎಂದು ಗಿರಾಕಿಗಳಿಗೆ ಹೇಳುತ್ತಿರಲಿಲ್ಲ. ಅದಕ್ಕೆ ಈಗ ನಾಚಿಕೆಯಾಗುತ್ತದೆ.

ಹೋದ ತಿಂಗಳು ಭಾನುವಾರದ ಪೂಜೆಯಲ್ಲಿ, ಫಾದರ್ ತಾಳ್ಮೆಯ ಬಗ್ಗೆ ಬಹಳ ಹೊತ್ತಿನಿಂದ ಪ್ರಸಂಗ ಮಾಡುತ್ತಿದ್ದಾಗ, ತಟ್ಟೆಯಷ್ಟಗಲದ ಒಂದು ಚಕ್ಕೆ ಅವರ ಪುಸ್ತಕದ ಮೇಲೆಯೇ ಬಿತ್ತು. ಪ್ರಸಂಗ ನಿಂತಿತು. ಚಕ್ಕೆ ಇಷ್ಟು ಇಡಿಯಾಗಿ ಬಿದ್ದಿದ್ದು ಹೇಗೆ ಎಂಬ ಕುತೂಹಲಕ್ಕೆ ಅದನ್ನು ಮನೆಗೆ ತಂದೆ. ಹಿಂಬದಿ ಕನ್ನಡಿಯಷ್ಟು ನಯವಾಗಿತ್ತು. ಅದರ ಅಂಚು ಬೆರಳನ್ನು ಕೊಯ್ದಿತು. ಟಿಂಚರ್ ಅಯೋಡಿನ್ ಹಾಕಿಕೊಳ್ಳುವಾಗ ಒಂದು ಹನಿ ಚಕ್ಕೆಯ ಹಿಂಬದಿಗೆ ಬಿದ್ದು, ನೋಡನೋಡುತ್ತಲೇ ಕಪ್ಪು ನೀಲಿಗೆ ತಿರುಗಿತು. ಶಾಲೆಯಲ್ಲಿ ಟಿಂಚರಿನ ಪರೀಕ್ಷೆ ಕಲಿತವರಿಗೆಲ್ಲ ಗೊತ್ತು, ಅದು ಗಂಜಿ. ಬಟ್ಟೆಗೆ ಹಾಕುತ್ತೇವಲ್ಲ, ಅದೇ ಗಂಜಿ. ಬಣ್ಣದ ಕೆಳಗೆ ಯಾವ ಪೇಂಟರ್ ಗಂಜಿ ಬಳಿಯುತ್ತಾನೆ? ಬಣ್ಣ ನಿಲ್ಲಬಾರದು ಅಂದುಕೊಂಡವನು ಮಾತ್ರ.

ಅಪ್ಪನಿಗೀಗ ಎಂಬತ್ತೆರಡು. ಚಕ್ಕೆಯನ್ನು ಅವರ ಪೇಪರಿನ ಮೇಲಿಟ್ಟು ಕೇಳಿದೆ. ಕನ್ನಡಕ ಒರೆಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ನಿಲ್ಲಿಸೋಕೆ ಬರದೆ ಅಲ್ಲ ಕಣೇ. ಯಾರಾದ್ರೂ ಒಂದು ದಿನ ಬಿಡಿಸ್ತಾರೆ ಅಂತ ಬಿಟ್ಟಿದ್ದು" ಎಂದರು.

ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ನಾನು ರೇಗಿದೆ. ಅಮ್ಮನಿಗಾದರೂ ಹೇಳಬಹುದಿತ್ತಲ್ಲ ಎಂದೆ.

"ನಿಮ್ಮಮ್ಮನಿಗೆ ಹೇಳಿದ್ರೆ ಜಗಳದಲ್ಲಿ ಆಡಿಬಿಡ್ತಿದ್ಲು. ಆಫೀಸಿನೋರು ಬೇರೆ ಯಾರ ಕೈಲಾದ್ರೂ ಗಟ್ಟಿ ಬಣ್ಣ ಹೊಡೆಸಿಬಿಡ್ತಿದ್ರು."

ಮಾನ್ಯರೇ, ಈ ಮಾತನ್ನು ದಯವಿಟ್ಟು ಎರಡು ಸಲ ಓದಿ. ಒಬ್ಬ ಒಳ್ಳೆಯ ಕೆಲಸಗಾರ ಒಂದು ಛಾವಣಿಗಾಗಿ ನಲವತ್ತು ವರ್ಷ ಕೆಟ್ಟ ಕೆಲಸಗಾರ ಅನ್ನಿಸಿಕೊಂಡು ಬದುಕಿದ್ದಾನೆ. ನನಗೆ ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು. ಆ ನಗು ಇನ್ನೂ ನಿಂತಿಲ್ಲ.

ಮುಂದಿನದು ತಮಗೆ ವರದಿಯಾಗಿದೆ, ಆದರೆ ತಲೆಕೆಳಗಾಗಿ ವರದಿಯಾಗಿದೆ. ಜೇಡರ ಬಲೆ ತೆಗೆಯಲು ಫಾದರ್ ಅಪ್ಪಣೆ ಕೊಟ್ಟರು. ಒಂದು ಬಕೆಟ್ ಬಿಸಿನೀರು, ಒಂದು ಸ್ಪಂಜು ಹಿಡಿದು ಹತ್ತಿದೆ. ಒದ್ದೆ ಮಾಡಿ ಐದು ನಿಮಿಷ ಬಿಟ್ಟು ಎಳೆದರೆ, ಅಯ್ಯೋ, ಹಾಲಿನ ಕೆನೆ ಬಂದ ಹಾಗೆ ಬಂತು! ಕೆಳಗೆ ನೀಲಿ. ನಿನ್ನೆ ಹಚ್ಚಿದಂಥ ನೀಲಿ. ಆಮೇಲೆ ಯಾರ ಕೈಯೂ ಸುಮ್ಮನಿರಲಿಲ್ಲ. ಗಾಯನ ತಂಡದವರು ಬಕೆಟ್ ಹೊತ್ತರು, ಗಂಟೆ ಹೊಡೆಯುವವರು ಕತ್ತೆತ್ತಿ ನೋಡಿ ನೋಡಿ ಕತ್ತು ಉಳುಕಿಸಿಕೊಂಡರು, ಫಾದರ್ ಬಲಿಪೀಠದ ಮುಂದೆ ಚಾಪೆ ಹಾಸಿ ಅಂಗಾತ ಮಲಗಿ ಎಡಕ್ಕಿನ್ನೊಂದಿದೆ, ಬಲಕ್ಕಿನ್ನೊಂದಿದೆ ಎಂದು ನಕ್ಷತ್ರ ತೋರಿಸಿದರು. ಬಲಿಪೀಠದ ಹಿಂದೆ ತಾವು ಹೊಡೆಸಿದ ಪ್ಲೈವುಡ್ಡನ್ನು ಈಗ ಎಲ್ಲರೂ ಅನುಮಾನದಿಂದ ನೋಡುತ್ತಿದ್ದಾರೆ, ಅದನ್ನೂ ಮೊದಲೇ ತಿಳಿಸಿಬಿಡುತ್ತೇನೆ.

ಮೂರನೆಯ ದಿನ ಅಪ್ಪನನ್ನು ಕುರ್ಚಿ ಸಮೇತ ಎತ್ತಿಕೊಂಡು ಬಂದರು. ಉದುರಪ್ಪ ಎಂದು ಕರೆದ ಬಾಯಿಗಳೇ ಹುಷಾರು, ಹುಷಾರು ಎಂದವು. ಅಪ್ಪ ಕತ್ತೆತ್ತಿ ಮೂಲೆ ಮೂಲೆಯನ್ನೂ ಹುಡುಕಿದರು. ಕಿಟಕಿಯ ಕಡೆಯ ಮೂಲೆಯಲ್ಲಿ ಒಂದು ಸೊಟ್ಟ ನಕ್ಷತ್ರವಿದೆ, ಅದರ ಒಂದು ಮೊನೆ ಉಳಿದವಕ್ಕಿಂತ ಉದ್ದ. ಅದನ್ನು ಬೆರಳೆತ್ತಿ ತೋರಿಸಿ, "ಅದೊಂದು ನಂದು" ಎಂದರು. ಮದುವೆಯಾದ ವರ್ಷ ತಮ್ಮ ಗುರುವಿನ ಜೊತೆ ಈ ಛಾವಣಿಗೆ ಕೆಲಸಕ್ಕೆ ಬಂದಿದ್ದರಂತೆ. ಗುರು ಒಂದೇ ಒಂದು ನಕ್ಷತ್ರಕ್ಕೆ ಕೈ ಹಚ್ಚಲು ಬಿಟ್ಟಿದ್ದರಂತೆ. ಹದಿನೆಂಟು ವರ್ಷ ಕಳೆದ ಮೇಲೆ ತಮ್ಮ ಕಚೇರಿ ಅದರ ಮೇಲೆ ಕೆನೆ ಬಳಿಯಲು ಅವರನ್ನೇ ಕರೆಸಿತು.

ಈಗ ಸೋಮವಾರದ ಮಾತಿಗೆ ಬರೋಣ. ತಮ್ಮ ಎಮಲ್ಷನ್ ಗಂಜಿಯ ಮೇಲೆ ಕೂರುವುದಿಲ್ಲ, ಪ್ರೈಮರ್ ಮೇಲೆ ಕೂರುತ್ತದೆ. ತಮ್ಮ ಕಚೇರಿಯ ಕಡತದ ಹಾಗೆಯೇ ಅದೂ ಒಮ್ಮೆ ಕೂತರೆ ಮತ್ತೆ ಏಳುವುದಿಲ್ಲ. ಅದನ್ನು ಕೆರೆಯಲು ಹೋದರೆ ಚಿನ್ನದ ರೇಕೂ ಜೊತೆಗೇ ಕಿತ್ತು ಬರುತ್ತದೆ. ಅಪ್ಪ ನಲವತ್ತು ವರ್ಷ ಮಾನ ಒತ್ತೆಯಿಟ್ಟು ಕಾಪಾಡಿದ್ದನ್ನು ತಾವು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತೀರಿ. ಆದ್ದರಿಂದ ನೋಟಿಸನ್ನು ಸೋಮವಾರದೊಳಗೆ ಹಿಂತೆಗೆದುಕೊಳ್ಳಿ. ಕಡತದ ಆ ಕೆಂಪು ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ತಮ್ಮ ಕೈಬರಹದಲ್ಲೇ 'ಕೆಲಸ ಅತ್ಯುತ್ತಮ' ಎಂದು ಬರೆಯಿರಿ. ತಾವೇ ಒಮ್ಮೆ ಬನ್ನಿ. ಫಾದರ್ ಪಕ್ಕ ಇನ್ನೊಂದು ಚಾಪೆ ಹಾಸಿಡುತ್ತೇವೆ.

ಇಲ್ಲ, ಬಳಿಯಲೇಬೇಕು ಎಂದು ತಾವು ಹಟ ಹಿಡಿದರೆ, ಗುತ್ತಿಗೆಯನ್ನು ದಯವಿಟ್ಟು ನಮ್ಮ ಮನೆಗೇ ಕೊಡಿ. ಅಪ್ಪ ಕುರ್ಚಿಯಲ್ಲಿ ಕೂತು ಹೇಳಿಕೊಡುತ್ತಾರೆ. ಗಂಜಿ ಕಾಯಿಸಲು ಈಗ ನನಗೂ ಬರುತ್ತದೆ.

ಇಂತಿ,
ಇನ್ನು ಮುಂದೆ ಯಾರು ಕೇಳಿದರೂ ಹೀಗೆಯೇ ಹೇಳುವ
ಉದುರಪ್ಪನ ಮಗಳು