ಅಣ್ಣನ ಕೇಂದ್ರ ಮುಚ್ಚಿದ ದಿನ

ಅಮ್ಮಾ,

ಓದಲು ನೀನಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಬೇರೆ ಯಾರಿಗೆ ಹೇಳಲಿ? ಅಣ್ಣ ಹಗಲೆಲ್ಲ ಇರುತ್ತಿದ್ದ ಬುದ್ಧಿಮಾಂದ್ಯರ ಪಾಲನಾ ಕೇಂದ್ರವನ್ನು ಸರ್ಕಾರ ಅನುದಾನ ನಿಲ್ಲಿಸಿ ಮುಚ್ಚಿಸಿದೆ. ಎಷ್ಟು ಹೇಳಿದರೂ ಕೇಳದೆ ಇವತ್ತೂ ಅವನು ತಲೆ ಬಾಚಿಕೊಂಡು ಹೊರಟೇಬಿಟ್ಟ. ಮೀಸೆ ನರೆತ ಗಂಡಸನ್ನು ಎಳೆದು ನಿಲ್ಲಿಸುವುದುಂಟೇ? ನಾನೂ ಜೊತೆಗೆ ಹೋದೆ.

ಅಲ್ಲಿ ಸಾಮಾನನ್ನು ಲಾರಿಗೆ ಹೇರುತ್ತಿದ್ದರು. ಅಣ್ಣ ತಾನು ಕೂರುತ್ತಿದ್ದ ಕುರ್ಚಿಯನ್ನೂ ಹೊತ್ತು ತಂದುಕೊಟ್ಟ. ಅವನನ್ನು ಅಲ್ಲಿ ನೋಡಿಕೊಳ್ಳುತ್ತಿದ್ದ ಟೀಚರ್ ಮುಖ ತಿರುಗಿಸಿಕೊಂಡರು.

"ಬೇರೆ ಎಲ್ಲಾದ್ರೂ ಸೇರಿಸ್ಕೋತಾರಾ?" ಎಂದೆ.

"ಎಲ್ಲಾ ಕಡೆ ಇದೇ ಗೋಳಮ್ಮ. ನನ್ನ ಕೈಲಿ ಏನಿದೆ ಹೇಳಿ?"

ನಾಳೆ ನಾನು ಕೆಲಸಕ್ಕೆ ಹೋದರೆ ಅವನನ್ನು ನೋಡಿಕೊಳ್ಳುವವರಿಲ್ಲ. ಹೋಗದಿದ್ದರೆ ಇಬ್ಬರಿಗೂ ಹೊಟ್ಟೆಗಿಲ್ಲ. ಒಬ್ಬನೇ ರಸ್ತೆಗಿಳಿದರೆ ಅವನಿಗೆ ಮನೆಯ ದಾರಿ ತಿಳಿಯುವುದಿಲ್ಲ. ನೀನಂತೂ ಒಂದು ದಿನವೂ ಅವನನ್ನು ಒಳಗೆ ಕೂಡಿಹಾಕಿದವಳಲ್ಲ.

ಬರುವಾಗ ಅಂಗಡಿಯೊಂದರಲ್ಲಿ, ಹೊರಗಿನಿಂದ ಹಾಕುವ ಬೀಗ ಬೇಕೆಂದು ಕೇಳಿದೆ.

"ಬೀಗ ಯಾಕೆ?" ಎಂದ ಅಣ್ಣ.

"ಕಳ್ಳರು ಬರದೇ ಇರ್ಲಿ ಅಂತ."

ಅವನು ಒಂದೊಂದನ್ನೇ ಜಗ್ಗಿ ನೋಡಿ, ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ಆರಿಸಿ ನನ್ನ ಕೈಗಿಟ್ಟ.