ಆಮೆ ಪುಸ್ತಕದ ಕೊನೆ ಪುಟ

ಬೆನಿಲ್ದಾ ಅತ್ತೆ,

ಊರಿಗೆಲ್ಲ ಬುರುಡೆ ಬಿಡೋನು ನಾನೇ. ಆದ್ರೆ ಮಾತೆ ಮರಿಯಮ್ಮನಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಬಾಳೆಕಾಯಿ ಬೇಯಿಸಿಟ್ಟಿದೀನಿ.

ನಿನ್ನೆ ನನ್ನ ಎಲಿಡಾಳ ಆತ್ಮಕ್ಕೆ ಮಾಡಿದ ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮೇಲೆ ಮಗಳು ಯಾದಿರಾಗೆ ಅವಳಮ್ಮನ ಆಮೆ ಪುಸ್ತಕ ಓದಿದೆ, ಇದ್ದದ್ದು ಇದ್ದ ಹಾಗೆ. ಕೊನೆ ಪುಟದಲ್ಲಿ ತಾಯಿ ಆಮೆ ಸಾಯುತ್ತೆ. ನಾನು ಮೊಸಳೆ ಏರಿ ಮಗ್ದಲೇನಾ ನದಿ ದಾಟಿದೆ ಅಂದ್ರೂ ನಂಬೋ ಮಗು, "ಸುಳ್ಳ! ಅಮ್ಮ ಓದಿದಾಗೆಲ್ಲ ಅದು ವಾಪಸ್ ಬರ್ತಿತ್ತು!" ಅಂತ ಆ ಪುಟ ಮುಗಿಯೋ ಮೊದಲೇ ಎದ್ದು ಹೋದ್ಲು. ಇನ್ನು ಪುಸ್ತಕ ಮುಟ್ಟಲ್ವಂತೆ. ಅದು ಕೋಳಿಗೂಡಲ್ಲಿ ಸಿಕ್ತು, ಒರೆಸಿಟ್ಟಿದೀನಿ.

ಊರವರ ಸಾವಿನ ಮನೇಲೆಲ್ಲ ಜಾಗರಣೆಗೆ ಕೂತು ಕಥೆ ಹೇಳಿದೀನಿ, ಆದ್ರೆ ಎಲಿಡಾ ಓದೋದನ್ನ ಒಂದಿನಾನೂ ಕೇಳ್ಲಿಲ್ಲ. ನೀವು ಅಡುಗೆಮನೆಯಿಂದ ದಿನಾ ಕೇಳಿದೀರಿ. ಆ ಆಮೇನ ಅವಳು ಹೇಗೆ ವಾಪಸ್ ಕರ್ಕೊಂಡು ಬರ್ತಿದ್ಲು? ಇವತ್ತು ಮಗೂಗೆ ಹಾಗೇ ಓದಿ. ನಂಗೂ ಈ ಚೀಟಿ ಹಿಂದೆ ಬರೆದಿಡಿ, ಕಲೀತೀನಿ.

ಎಮಿರೊ